ದೊಡ್ಡಕ್ಕನ ಜಾಗದಲ್ಲಿ ಕೂತು ಬಂದದ್ದು

ವಾಪಸು ಬರುವ ವಿಮಾನದಲ್ಲಿ ನಾನು ಕೂತಿದ್ದು ನನ್ನ ಜಾಗದಲ್ಲಲ್ಲ. ಟಿಕೆಟ್ಟಿನಲ್ಲಿ ನನ್ನ ಹೆಸರೇ ಇತ್ತು, ಸೀಟಿನ ನಂಬರೂ ಸರಿಯಾಗಿತ್ತು, ಗಗನಸಖಿ ನಗುನಗುತ್ತಲೇ ಕೂರಿಸಿದ್ದಳು. ಆದರೂ ಅದು ನಮ್ಮ ಬೀದಿಯ ಹೊಲಿಗೆ ಅಂಗಡಿಯ ದೊಡ್ಡಕ್ಕನ ಜಾಗ. ಹೋಗುವಾಗ ಈ ಮಾತನ್ನು ಎಲ್ಲರೆದುರು ತಮಾಷೆಯಾಗಿ ಹೇಳಿಕೊಂಡು ಹೋಗಿದ್ದೆ. ಬರುವಾಗ ಅದನ್ನು ನೆನೆದರೆ ಸೀಟಿನಲ್ಲಿ ನೆಟ್ಟಗೆ ಕೂರಲು ಆಗುತ್ತಿರಲಿಲ್ಲ.

ನಾನು ಮೂವತ್ತೆರಡು ವರ್ಷ ಕಚೇರಿಯೊಂದರಲ್ಲಿ ಬೇರೆಯವರ ಕಾಗದಗಳನ್ನು ಟೈಪು ಮಾಡಿ ನಿವೃತ್ತಳಾದವಳು. ಬೀದಿಯಲ್ಲಿ ಎಲ್ಲರೂ ಟೈಪಿಸ್ಟಮ್ಮ ಅಂತಲೇ ಕರೆಯುವುದು. ಬಾಯಿ ಸ್ವಲ್ಪ ಜೋರು, ಕಿವಿ ಅದಕ್ಕಿಂತ ಚುರುಕು, ಬೇರೆಯವರ ವಿಷಯದಲ್ಲಿ ಮೂಗು ತೂರಿಸುವುದಂತೂ ಪೆನ್ಶನ್ನಿನ ಜತೆಗೇ ಬಂದ ಅಭ್ಯಾಸ. ನನ್ನ ಬಗ್ಗೆ ಇಷ್ಟು ಗೊತ್ತಿದ್ದರೆ ಸಾಕು, ಏಕೆಂದರೆ ಇದು ಚಿಕ್ಕಕ್ಕನ ಕಥೆ.

ನಮ್ಮ ಬೀದಿಯಲ್ಲಿ ಔಷಧಿ ಅಂಗಡಿಗೂ ಸೈಕಲ್ ರಿಪೇರಿ ಅಂಗಡಿಗೂ ನಡುವೆ ಎಂಟಡಿ ಅಗಲದ ಒಂದು ಹೊಲಿಗೆ ಅಂಗಡಿ ಇದೆ. ಒಳಗೆ ಎದುರುಬದುರು ಎರಡು ಮೆಷೀನು, ನಡುವೆ ಬಟ್ಟೆ ಕತ್ತರಿಸುವ ಮೇಜು, ಹಿಂದೆ ಇಸ್ತ್ರಿ ಹಲಗೆ. ಶಾಲೆ ಮಕ್ಕಳ ಯೂನಿಫಾರಂ, ಆಸ್ಪತ್ರೆ ನರ್ಸುಗಳ ಕೋಟು, ಕಿಟಕಿಯ ಪರದೆ, ಬಿಗಿಯಾದ ಪ್ಯಾಂಟಿನ ಸೊಂಟ ಬಿಡಿಸುವುದು, ಇಂಥದ್ದೆಲ್ಲ ಅಲ್ಲಿ ನಡೆಯುತ್ತದೆ. ಎಡಗಡೆ ಮೆಷೀನಿನಲ್ಲಿ ದೊಡ್ಡಕ್ಕ, ಬಲಗಡೆ ಚಿಕ್ಕಕ್ಕ. ಇಬ್ಬರೂ ಅಕ್ಕತಂಗಿಯರಲ್ಲ, ಓರಗಿತ್ತಿಯರು. ಒಂದೇ ಮನೆಯ ಅಣ್ಣನ ಹೆಂಡತಿ, ತಮ್ಮನ ಹೆಂಡತಿ. ಅಣ್ಣ ತೀರಿಕೊಂಡು ಒಂಬತ್ತು ವರ್ಷವಾಯಿತು. ತಮ್ಮ ಲಾರಿ ಓಡಿಸುತ್ತಾನೆ, ವಾರಕ್ಕೆರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಹೀಗಾಗಿ ಮನೆಯಲ್ಲೂ ಅಂಗಡಿಯಲ್ಲೂ ಇವರಿಬ್ಬರೇ. ಓರಗಿತ್ತಿಯರೆಂದ ಮೇಲೆ ಇವತ್ತಲ್ಲ ನಾಳೆ ಜಗಳ ನೋಡಲು ಸಿಗುತ್ತದೆ ಎಂದು ಹೊಸ ಗಿರಾಕಿಗಳು ಕಾಯುತ್ತಾರೆ. ನಾನೂ ಹತ್ತೊಂಬತ್ತು ವರ್ಷ ಕಾದಿದ್ದೇನೆ.

ಚಿಕ್ಕಕ್ಕ ಆ ಮನೆಗೆ ಸೊಸೆಯಾಗಿ ಬಂದಾಗ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲವಂತೆ. ಅಳತೆ ಹಿಡಿಯುವುದರಿಂದ ಗುಂಡಿಗೆ ಕಾಜಾ ಹಾಕುವವರೆಗೆ ಎಲ್ಲವನ್ನೂ ದೊಡ್ಡಕ್ಕನೇ ಕೈಹಿಡಿದು ಕಲಿಸಿದಳು. ಬರೀ ಹೊಲಿಗೆಯಲ್ಲ. ಹಲ್ಲುನೋವೆಂದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವವಳು ದೊಡ್ಡಕ್ಕ, ಚಪ್ಪಲಿ ಕೊಳ್ಳುವಾಗ ಬಣ್ಣ ಆರಿಸುವವಳು ದೊಡ್ಡಕ್ಕ, ಸಾಕು ಅಂದರೂ ತಟ್ಟೆಗೆ ಎರಡನೇ ಸಲ ಬಡಿಸುವವಳೂ ಅವಳೇ. ಗಿರಾಕಿ ಬಂದಾಗ ಚಿಕ್ಕಕ್ಕ ಟೇಪು ಹಿಡಿದು ಎದ್ದು ನಿಂತರೂ ಜನ ದೊಡ್ಡಕ್ಕನೇ ಅಳತೆ ತೆಗೆದುಕೊಳ್ಳಲಿ ಎನ್ನುತ್ತಾರೆ. ಚಿಕ್ಕಕ್ಕ ನಕ್ಕು, ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡು ಕೂರುತ್ತಾಳೆ. ನಾನೂ ಎಷ್ಟೋ ಸಲ ಹಾಗೆ ಅಂದಿದ್ದೇನೆ. ಅವಳಿಗೂ ನಲವತ್ತೆರಡು ವಯಸ್ಸು ಎಂಬುದು ನನ್ನ ತಲೆಗೆ ಬಂದೇ ಇರಲಿಲ್ಲ.

ಆ ಅಂಗಡಿಯಲ್ಲಿ ಒಂದು ಪದ್ಧತಿ ಇದೆ. ತಾನು ಹೊಲಿದದ್ದನ್ನು ತಾನೇ ಪರೀಕ್ಷೆ ಮಾಡುವ ಹಾಗಿಲ್ಲ. ಹೊಲಿದು ಮುಗಿದ ಬಟ್ಟೆಯನ್ನು ಒಳಮಗ್ಗುಲು ಮೇಲೆ ಬರುವಂತೆ ತಿರುಗಿಸಿ, ಮೇಜಿನ ಆಚೆಗೆ ತಳ್ಳಿ "ನೋಡು" ಎನ್ನಬೇಕು. ಎದುರಿನವಳು ಪ್ರತಿ ಹೊಲಿಗೆಯ ಮೇಲೂ ತೋರುಬೆರಳು ಓಡಿಸುತ್ತಾಳೆ. ಎಲ್ಲಾದರೂ ಬಿಟ್ಟಿದ್ದರೆ ತೋರಿಸುತ್ತಾಳೆ, ಇಲ್ಲದಿದ್ದರೆ "ಆಯ್ತು" ಎನ್ನುತ್ತಾಳೆ. ಆಮೇಲೆಯೇ ಇಸ್ತ್ರಿ. ಅವರವರ ಲೋಪ ಅವರವರ ಕಣ್ಣಿಗೆ ಕಾಣುವುದಿಲ್ಲ ಎಂಬುದು ದೊಡ್ಡಕ್ಕನ ವಾದ. ದಿನಕ್ಕೆ ಇಪ್ಪತ್ತು ಮೂವತ್ತು ಸಲವಾದರೂ ಆ ಎರಡು ಮಾತು ಮೇಜಿನ ಮೇಲೆ ಹೋಗಿ ಬರುತ್ತವೆ. ಒಬ್ಬಳು ಆಯ್ತು ಅಂದಮೇಲೆ ಇನ್ನೊಬ್ಬಳು ತಿರುಗಿ ನೋಡಿದ್ದನ್ನು ನಾನು ಕಂಡಿಲ್ಲ.

ದೊಡ್ಡಕ್ಕನ ಮೆಷೀನಿನ ಮೇಲೆ ಗೋಡೆಗೆ ಹಳೇ ಕ್ಯಾಲೆಂಡರೊಂದು ನೇತಾಡುತ್ತದೆ. ತಿಂಗಳುಗಳೆಲ್ಲ ಹರಿದುಹೋಗಿ ಮೇಲಿನ ಚಿತ್ರ ಮಾತ್ರ ಉಳಿದಿದೆ. ಹಿಮ ಮುಚ್ಚಿದ ಬೆಟ್ಟ, ಅದರ ಬುಡದಲ್ಲಿ ಒಂದು ಕೆಂಪು ರೈಲು. ಆ ಬೆಟ್ಟ ನೋಡಬೇಕೆಂದು ದೊಡ್ಡಕ್ಕನೂ ಅವಳ ಗಂಡನೂ ಪಾಸ್‌ಪೋರ್ಟು ಮಾಡಿಸಿದ್ದರು. ಮರುವರ್ಷವೇ ಅವನು ಹೋಗಿಬಿಟ್ಟ. ಅವಳ ಪಾಸ್‌ಪೋರ್ಟು ಒಂದು ಮುದ್ರೆಯನ್ನೂ ಕಾಣದೆ ಬೀರುವಿನಲ್ಲಿ ಕೂತಿತು. ಈ ವರ್ಷ ಟೂರ್ ಕಂಪನಿಯೊಂದು ಇಪ್ಪತ್ತನಾಲ್ಕು ಜನರ ಗುಂಪನ್ನು ಅಂಥದೇ ಹಿಮದ ಬೆಟ್ಟಕ್ಕೆ ಕರೆದೊಯ್ಯುತ್ತದೆಂದು ತಿಳಿದಾಗ ದೊಡ್ಡಕ್ಕ ಚಿಕ್ಕಕ್ಕನಿಗೂ ಪಾಸ್‌ಪೋರ್ಟು ಮಾಡಿಸಿ ಇಬ್ಬರ ಹೆಸರನ್ನೂ ಬರೆಸಿದಳು. ಅಲ್ಲಿಯ ಚಳಿಗೆಂದು ದಪ್ಪ ಹತ್ತಿ ತುಂಬಿದ, ನಾಲ್ಕು ಜೇಬಿನ ಬೂದು ಬಣ್ಣದ ಕೋಟೊಂದನ್ನು ತನಗೆ ಹೊಲಿದುಕೊಂಡಳು. ಬೀದಿಯವರಿಗೆಲ್ಲ ಅದನ್ನು ತೋರಿಸಿದ್ದಾಯಿತು. ನಾನು ತಡಮಾಡಿ ಹೋಗಿದ್ದರಿಂದ ನನಗೆ ಸಿಕ್ಕಿದ್ದು ಕಾಯುವವರ ಪಟ್ಟಿಯಲ್ಲಿ ಮೊದಲನೇ ಸ್ಥಾನ.

ಹೊರಡಲು ಮೂರು ವಾರ ಇದ್ದಾಗ ಟೂರ್ ಕಂಪನಿಯವರು ಎಲ್ಲರ ಪಾಸ್‌ಪೋರ್ಟು ಪಡೆದು ನೋಡಿದರು. ಹೊರಡುವ ದಿನದಿಂದ ಮುಂದಕ್ಕೆ ಆರು ತಿಂಗಳ ಅವಧಿ ಇರಬೇಕು. ದೊಡ್ಡಕ್ಕನದರಲ್ಲಿ ನಾಲ್ಕೇ ತಿಂಗಳಿತ್ತು. ಹೊಸದು ಮಾಡಿಸಲು ಸಮಯವಿರಲಿಲ್ಲ. ಅವಳ ಹೆಸರು ಹೊಡೆದುಹಾಕಿ ನನ್ನದನ್ನು ಸೇರಿಸಿದರು. ದೊಡ್ಡಕ್ಕ ತನ್ನದೇ ಅಜಾಗರೂಕತೆ ಎಂದು ತನ್ನನ್ನೇ ಬೈದುಕೊಂಡಳಂತೆ. ಚಿಕ್ಕಕ್ಕ ತಾನೂ ಹೋಗುವುದಿಲ್ಲ ಎಂದಳಂತೆ, ದೊಡ್ಡಕ್ಕ ಸುತರಾಂ ಕೇಳದೆ ಅವಳ ಪೆಟ್ಟಿಗೆ ಕಟ್ಟಿ, ಆ ಬೂದು ಕೋಟನ್ನೂ ಮಡಿಸಿ ಮೇಲಿಟ್ಟಳಂತೆ. ಇದೆಲ್ಲ ನನಗೆ ಸೈಕಲ್ ಅಂಗಡಿಯವನಿಂದ ತಿಳಿಯಿತು. ನಾನು ಒಂದು ಮಾತಿಗಾದರೂ ಹೋಗಿ ದೊಡ್ಡಕ್ಕನ ಮುಖ ನೋಡಬೇಕಿತ್ತು. ನನ್ನ ಕಾಲು ಆಗ ನೆಲದ ಮೇಲಿರಲಿಲ್ಲ.

ಎಂಟು ದಿನ ನಾನೂ ಚಿಕ್ಕಕ್ಕನೂ ಒಂದೇ ರೂಮಿನಲ್ಲಿದ್ದೆವು. ದೊಡ್ಡಕ್ಕನಿಗೆಂದು ಇದ್ದ ಮಂಚದಲ್ಲಿ ನಾನು ಮಲಗಿದೆ. ಚಿಕ್ಕಕ್ಕ ನನ್ನನ್ನು ನೋಡಿಕೊಂಡ ಪರಿ ಹೇಳತೀರದು. ಬೆಳಿಗ್ಗೆ ಏಳುವಷ್ಟರಲ್ಲಿ ಬಿಸಿನೀರು ಕಾಯಿಸಿರುತ್ತಿದ್ದಳು, ಬಸ್ಸಿನಲ್ಲಿ ಕಿಟಕಿ ಪಕ್ಕ ನನಗೇ, ನನ್ನ ಚೀಲ ಅವಳ ಹೆಗಲಲ್ಲಿ. ನನ್ನ ಸ್ವೆಟರು ಆ ಚಳಿಗೆ ಏನೂ ಅಲ್ಲವೆಂದು ಎರಡನೇ ದಿನವೇ ಬೂದು ಕೋಟು ತೆಗೆದು ನನಗೆ ತೊಡಿಸಿದಳು. ನೀನೇ ಹಾಕಿಕೋ ಎಂದರೆ ತನಗೆ ಸೆಕೆ ಎಂದು ಹಲ್ಲು ಕಟಕಟಿಸುತ್ತಲೇ ಹೇಳಿದಳು. ಈ ಹುಡುಗಿಗೆ ನನ್ನ ಮೇಲೆ ಇಷ್ಟು ಪ್ರೀತಿ ಇತ್ತೇ ಎಂದು ನಾನು ಉಬ್ಬಿಹೋದೆ. ಗುಂಪಿನವರಿಗೆಲ್ಲ ಹೇಳಿಕೊಂಡು ಬಂದೆ.

ಸಂಜೆ ಹೊತ್ತು ದೊಡ್ಡಕ್ಕನ ಫೋನು ಬರುತ್ತಿತ್ತು. ಇವತ್ತು ಏನು ನೋಡಿದಿರಿ ಎಂದು ಅವಳು ಕೇಳಿದರೆ ಇವಳು, ಅಷ್ಟೇನಿಲ್ಲ ಅಕ್ಕ, ಬರೀ ಚಳಿ, ಮಂಜು ಮುಸುಕಿತ್ತು, ಎಂದು ತೇಲಿಸಿಬಿಡುತ್ತಿದ್ದಳು. ಅದು ಸುಳ್ಳು. ಬೆಟ್ಟಕ್ಕೆ ಹೋದ ದಿನ ಆಕಾಶ ತೊಳೆದಿಟ್ಟ ಹಾಗಿತ್ತು. ಚಿಕ್ಕಕ್ಕ ಗುಂಪು ಬಿಟ್ಟು ದೂರ ನಡೆದುಹೋಗಿ, ಹಿಮದಲ್ಲಿ ಕೂತು, ಆಮೇಲೆ ಅಂಗಾತ ಮಲಗಿ, ಒಬ್ಬಳೇ ಗಟ್ಟಿಯಾಗಿ ನಕ್ಕಳು. ನಾನು ಫೋಟೋ ತೆಗೆದೆ. ಅದನ್ನು ನೋಡಿದ್ದೇ ಅವಳ ಮುಖ ಸಣ್ಣದಾಯಿತು. ಅಳಿಸಿಬಿಡಿ ಎಂದು ಕೇಳಿಕೊಂಡಳು. ಅಳಿಸಿದೆ ಎಂದು ಹೇಳಿದೆ, ಅಳಿಸಲಿಲ್ಲ.

ಕೊನೆಯ ದಿನ ದೊಡ್ಡಕ್ಕನಿಗೆಂದು ಕತ್ತರಿಯೊಂದನ್ನು ಕೊಂಡಳು. ಅದಕ್ಕಾಗಿ ನಾಲ್ಕು ಅಂಗಡಿ ತಿರುಗಿ ನನ್ನ ಮಂಡಿ ಮುರಿದಳು. ಅಂಗೈಯಗಲದ ಚಿಕ್ಕ ಕತ್ತರಿ, ಹಿಡಿಯ ಮೇಲೆ ಎಲೆಬಳ್ಳಿ ಕೊರೆದಿತ್ತು. ತನ್ನ ತೋಳಿನ ಅಂಚಿನಿಂದ ಒಂದು ನೂಲು ಎಳೆದು ಅದರಿಂದ ಕತ್ತರಿಸಿ ಹರಿತ ನೋಡಿದಳು. ಮರುದಿನ ಬೆಳಿಗ್ಗೆ ವಿಮಾನ ನಿಲ್ದಾಣದಲ್ಲಿ ತಪಾಸಣೆಯವರು ಅವಳ ಕೈಚೀಲದಿಂದ ಅದನ್ನು ಹೊರಗೆ ತೆಗೆದರು. ಹರಿತವಾದ ವಸ್ತುವೆಲ್ಲ ದೊಡ್ಡ ಪೆಟ್ಟಿಗೆಯಲ್ಲಿರಲಿ ಎಂದು ಟೂರ್ ಮ್ಯಾನೇಜರು ನೂರು ಸಲ ಹೇಳಿದ್ದ. ಆದರೆ ಹತ್ತೊಂಬತ್ತು ವರ್ಷದಿಂದ ಕತ್ತರಿಯಿಲ್ಲದ ಚೀಲ ಹಿಡಿದು ಅವಳು ಎಲ್ಲಿಗೂ ಹೋದವಳಲ್ಲ, ಕೈ ತಾನಾಗಿಯೇ ಅಲ್ಲಿ ಇಟ್ಟಿತ್ತು. ನಾನು ಅಧಿಕಾರಿಯ ಜತೆ ವಾದಕ್ಕಿಳಿದೆ. ಚಿಕ್ಕಕ್ಕ ನನ್ನ ತೋಳು ಹಿಡಿದು ಹಿಂದಕ್ಕೆಳೆದಳು.

"ಹೋಗ್ಲಿ ಬಿಡಿ ಟೈಪಿಸ್ಟಮ್ಮ," ಅಂದಳು. "ನನಗೆ ಸರಿಯಾಗೇ ಆಯ್ತು."

ಕತ್ತರಿ ಕಳೆದುಕೊಂಡವಳ ಮಾತು ಅದಲ್ಲ ಎಂದು ಆಗಲೇ ಅನ್ನಿಸಿತು. ನನ್ನ ಕಿವಿ ನೆಟ್ಟಗಾಯಿತು.

ವಿಮಾನ ಮೇಲೇರಿ, ಸೀಟ್ ಬೆಲ್ಟಿನ ದೀಪ ಆರಿ, ಊಟದ ತಟ್ಟೆಗಳು ಬಂದವು. ಕಿಟಕಿಯ ಪಕ್ಕ ನಾನು, ನಡುವೆ ಅವಳು, ಆಚೆಗೆ ಗುಂಪಿನ ಔಷಧಿ ಕಂಪನಿ ಪ್ರತಿನಿಧಿಯೊಬ್ಬ ಆಗಲೇ ಗೊರಕೆ ಹೊಡೆಯುತ್ತಿದ್ದ. ಹಿಂದಿನ ಸಾಲುಗಳಲ್ಲಿ ಯಾರು ಯಾರಿಗೆ ಏನು ಕೊಂಡರು ಎಂಬ ಗದ್ದಲ. ಚಿಕ್ಕಕ್ಕ ತಟ್ಟೆ ಮುಟ್ಟಲಿಲ್ಲ. ಕಾಗದದ ಕರವಸ್ತ್ರ ತೆಗೆದುಕೊಂಡು ಅಂಚನ್ನು ಸಣ್ಣಗೆ ಮಡಚಿ ಉಗುರಿನಿಂದ ಒತ್ತುತ್ತಾ ಕೂತಳು. ನಾಲ್ಕೂ ಅಂಚು ಮುಗಿದ ಮೇಲೆ, ನನ್ನ ಕಡೆ ತಿರುಗದೆ, ಅಕ್ಕನ ಪಾಸ್‌ಪೋರ್ಟಿನ ತಾರೀಕನ್ನು ತಾನು ಮೊದಲೇ ನೋಡಿದ್ದಾಗಿ ಹೇಳಿದಳು.

ನೋಡಿದ್ದರೇನಂತೆ, ಕಣ್ತಪ್ಪಿ ಹೋಯಿತು, ಅದಕ್ಕೇಕೆ ಈಗ ಕೊರಗುವುದು, ಎಂದೆ.

"ಕಣ್ತಪ್ಪಲಿಲ್ಲ. ಸರಿಯಾಗಿ ಕಾಣ್ತು. ಹೊರಡೋ ದಿನದಿಂದ ಎಣಿಸಿ ನೋಡ್ದೆ, ನಾಲ್ಕೇ ತಿಂಗಳು ಅಂತ. ಆಮೇಲೆ ಆಯ್ತು ಅಂದೆ."

ಉಳಿದದ್ದು ಅವಳ ಬಾಯಿಂದ ತುಂಡುತುಂಡಾಗಿ ಬಂತು. ಹೆಸರು ಬರೆಸಿದ ವಾರದಲ್ಲೇ ಟೂರ್ ಮ್ಯಾನೇಜರು ಫೋನು ಮಾಡಿ, ಎಲ್ಲರೂ ಪಾಸ್‌ಪೋರ್ಟಿನ ಅವಧಿ ನೋಡಿಕೊಳ್ಳಿ, ಕಡಿಮೆ ಇದ್ದರೆ ಹೊಸದು ಮಾಡಿಸಲು ಇನ್ನೂ ಸಾಕಷ್ಟು ಸಮಯ ಇದೆ ಎಂದು ಹೇಳಿದ್ದ. ದೊಡ್ಡಕ್ಕ ಬೀರುವಿನಿಂದ ತನ್ನದನ್ನು ತಂದು, ಬಿಡಿಸಿ, ಮೇಜಿನ ಆಚೆಗೆ ತಳ್ಳಿ "ನೋಡು" ಎಂದಳು. ತಾನು ಓದಲಿಲ್ಲ. ತನ್ನದನ್ನು ತಾನೇ ನೋಡಿಕೊಳ್ಳುವುದು ಆ ಅಂಗಡಿಯಲ್ಲಿ ಇಲ್ಲವಲ್ಲ. ಚಿಕ್ಕಕ್ಕ ತಾರೀಕಿನ ಮೇಲೆ ಬೆರಳು ಓಡಿಸಿದಳು. ಆ ಮಾತು ತನ್ನ ಬಾಯಿಂದ ಹೇಗೆ ಹೊರಬಿತ್ತು ಎಂದು ಈಗಲೂ ತಿಳಿಯದು ಎಂದಳು. ದೊಡ್ಡಕ್ಕ ಪಾಸ್‌ಪೋರ್ಟು ಮುಚ್ಚಿ ಗುಂಡಿ ಡಬ್ಬದ ಕೆಳಗಿಟ್ಟು, ನಿಲ್ಲಿಸಿದ್ದ ಹೊಲಿಗೆಯನ್ನು ಮುಂದುವರಿಸಿದಳು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಅಂದುಕೊಂಡು ಮೂರು ತಿಂಗಳು ಕಳೆಯಿತು. ದಿನವೂ ಆ ಡಬ್ಬದಿಂದ ಗುಂಡಿ ತೆಗೆಯಬೇಕಿತ್ತು.

ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ. ಗದರಿಸಿಯೇ ಕೇಳಿದೆ.

"ಒಂದೇ ಒಂದ್ಸಲ ಒಬ್ಬಳೇ ಎಲ್ಲಿಗಾದ್ರೂ ಹೋಗಿ ಬರೋಣ ಅನ್ನಿಸ್ತು. ಅಷ್ಟೇ. ನನಗೆ ಯಾವ ಬಣ್ಣ ಇಷ್ಟ ಅಂತ ನನಗೇ ಗೊತ್ತಿಲ್ಲ ಟೈಪಿಸ್ಟಮ್ಮ." ಕರವಸ್ತ್ರವನ್ನು ಇನ್ನೊಮ್ಮೆ ಮಡಚುತ್ತಾ ಹೇಳಿದಳು, "ಅಕ್ಕ ಕೆಟ್ಟೋಳಾಗಿದ್ದಿದ್ರೆ ಎಷ್ಟೋ ಚೆನ್ನಾಗಿತ್ತು."

ನನಗೆ ಮೊದಲು ಬಂದದ್ದು ಸಿಟ್ಟು. ಅವಳು ದೊಡ್ಡಕ್ಕನಿಗೆ ಮಾಡಿದ್ದಕ್ಕೆ ಅಂತ ಹೇಳಿದರೆ ನಾನು ದೊಡ್ಡವಳಾಗುತ್ತೇನೆ, ಆದರೆ ನಿಜ ಅದಲ್ಲ. ಇದನ್ನು ನನಗೇಕೆ ಹೇಳಿದಳು ಎಂಬ ಸಿಟ್ಟು. ಎಂಟು ದಿನ ನಾನು ಮಲಗಿದ್ದ ಮಂಚ, ಕೂತಿದ್ದ ಕಿಟಕಿ, ತೊಟ್ಟಿದ್ದ ಕೋಟು ಎಲ್ಲವೂ ಒಂದೇ ಮಾತಿನಲ್ಲಿ ಕದ್ದ ಮಾಲಾಯಿತು. ಆ ಕೋಟು ಆಗಲೂ ನನ್ನ ಮೈಮೇಲೇ ಇತ್ತು. ಬಿಸಿನೀರು ಕಾಯಿಸಿದ್ದು, ಚೀಲ ಹೊತ್ತಿದ್ದು ಯಾವುದೂ ನನ್ನ ಮೇಲಿನ ಪ್ರೀತಿಗಲ್ಲ ಎಂಬುದೂ ಆಗಲೇ ಹೊಳೆಯಿತು. ಅದೂ ಚುಚ್ಚಿತು.

ಅಕ್ಕನಿಗೆ ಹೇಳಲೋ ಬೇಡವೋ ಎಂಬುದು ಅವಳ ಪ್ರಶ್ನೆ. ಹೇಳಿದರೆ ಚಿಕ್ಕಕ್ಕನಿಗೆ ಇರುವ ಒಂದೇ ಆಸರೆ ಕೈತಪ್ಪಬಹುದು. ಹೇಳದಿದ್ದರೆ ನಾಳೆ ಬೆಳಿಗ್ಗೆಯಿಂದಲೇ ಮೇಜಿನ ಆಚೆಯಿಂದ ಬಟ್ಟೆ ಬರುತ್ತದೆ, ಬೆರಳು ಓಡಿಸಬೇಕು, ಅದೇ ಮಾತು ಹೇಳಬೇಕು. ನಾನು ಕೆಲಸದಲ್ಲಿದ್ದಾಗ ತಪ್ಪಾದ ಅಕ್ಷರದ ಮೇಲೆ ಬಿಳಿ ಬಳಿದು, ಆರಿದ ಮೇಲೆ ಸರಿಯಾದದ್ದನ್ನು ಹೊಡೆಯುತ್ತಿದ್ದೆ. ಸಾಹೇಬರು ಯಾವತ್ತೂ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದವರಲ್ಲ. ಆ ಬುದ್ಧಿಯೇ ಓಡಿತು. ಹೇಳಬೇಡ ಎಂದೆ. ಆಗಿದ್ದು ಆಗಿಹೋಯಿತು, ಹೇಳಿ ಅವಳ ಹೊಟ್ಟೆ ಉರಿಸಿ ನಿನಗೇನು ಸಿಗುತ್ತದೆ, ಮುಂದಿನ ವರ್ಷ ಇಬ್ಬರೂ ಹೋಗಿ ಬನ್ನಿ, ಎಂದೆಲ್ಲ ಹಿರಿಯಳ ಧಾಟಿಯಲ್ಲಿ ಹೇಳಿದೆ. ನನ್ನ ಹೊಟ್ಟೆಯೊಳಗಿದ್ದದ್ದು ಬೇರೆ. ಅವಳು ಹೇಳಿದರೆ ನಾನೂ ದೊಡ್ಡಕ್ಕನ ಎದುರು ತಲೆ ಎತ್ತಿ ನಿಲ್ಲುವ ಹಾಗಿರಲಿಲ್ಲ.

ಚಿಕ್ಕಕ್ಕ ತಲೆಯಾಡಿಸಿದಳು. ಕರವಸ್ತ್ರವನ್ನು ಉಂಡೆ ಮಾಡಿ ಮುಂದಿನ ಸೀಟಿನ ಜೇಬಿಗೆ ತುರುಕಿದಳು.

ಇಳಿದಾಗ ನಾಲ್ಕು ಗಂಟೆಯ ಬಿಸಿಲು. ಪೆಟ್ಟಿಗೆ ಬರುವ ಪಟ್ಟಿಯ ಹತ್ತಿರ ಟೂರ್ ಮ್ಯಾನೇಜರು ಕೊನೆಯ ಸಲ ತಲೆ ಎಣಿಸಿ, ಇಪ್ಪತ್ತನಾಲ್ಕು, ಎಲ್ಲರೂ ಸುಖವಾಗಿ ಬಂದೆವು ಎಂದು ಕೈ ಮುಗಿದ. ಹೊರಗೆ ಕಬ್ಬಿಣದ ಕಂಬಿಯ ಆಚೆ ದೊಡ್ಡಕ್ಕ ನಿಂತಿದ್ದಳು. ಕೊರಳಲ್ಲಿ ಟೇಪು ಹಾಗೇ ಇತ್ತು, ತೆಗೆಯಲು ಮರೆತು ಬಂದಿದ್ದಳು. ಮೂಗಿನ ಮೇಲೆ ಹೊಸ ಕನ್ನಡಕ.

ನಾನು ಬೂದು ಕೋಟನ್ನು ಬಿಚ್ಚಿ ತೋಳಿನ ಮೇಲೆ ಮುದುಡಿ ಹಿಡಿದಿದ್ದೆ. ಅವಳು ಅದನ್ನು ನೋಡಿದಳು. ಇವಳಿಗೆ ಜತೆಯಾದಿರಿ, ಉಪಕಾರವಾಯಿತು ಎಂದು ನನಗೇ ಹೇಳಿದಳು. ಚಿಕ್ಕಕ್ಕನ ಕೆನ್ನೆ ಮುಟ್ಟಿ ಇಳಿದುಹೋಗಿದ್ದೀಯ ಎಂದಳು. ಆಮೇಲೆ ಕನ್ನಡಕ ತೋರಿಸಿ ವಿಷಯ ಹೇಳಿದಳು. ಪುಟ ಬಿಡಿಸುವಾಗ ಅಷ್ಟು ದೊಡ್ಡ ತಾರೀಕು ತನಗೂ ಕಾಣದೇ ಹೋಯಿತಲ್ಲ ಎಂದು ಯೋಚನೆ ಹತ್ತಿ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದಳಂತೆ. ಅವಳ ಕಣ್ಣು ನಿಜಕ್ಕೂ ಮಂಜಾಗಿತ್ತಂತೆ.

"ನಿನಗೂ ಕಾಣ್ಲಿಲ್ಲ ಅಂದ್ರೆ ನಿನ್ನ ಕಣ್ಣೂ ಹೋಗಿರ್ಬೇಕು ಕಣೇ," ಅಂದಳು. "ಹೊಲಿಯೋರಿಗೆ ಕಣ್ಣು ಹೋದ್ರೆ ಇನ್ನೇನಿದೆ. ನಾಳೆ ಹತ್ತು ಗಂಟೆಗೆ ನಿನ್ನ ಹೆಸರು ಬರೆಸಿ ಬಂದಿದೀನಿ."

ಚಿಕ್ಕಕ್ಕ ಪೆಟ್ಟಿಗೆಯ ಗಾಡಿಯ ಹಿಡಿ ಬಿಗಿಯಾಗಿ ಹಿಡಿದಿದ್ದಳು. ನಾನು ಅವಳನ್ನೇ ನೋಡಿದೆ. ಒಂದು ಹ್ಞೂಂ ಅಂದಿದ್ದರೆ ಮುಗಿಯುತ್ತಿತ್ತು.

"ನನ್ನ ಕಣ್ಣು ಚೆನ್ನಾಗಿದೆ ಅಕ್ಕ. ತಾರೀಕು ಕಾಣ್ತು ನನಗೆ."

ದೊಡ್ಡಕ್ಕನಿಗೆ ತಿಳಿಯಲಿಲ್ಲ. ಅಥವಾ ಜಾರಿಕೊಳ್ಳಲು ಇವಳಿಗೊಂದು ಅವಕಾಶ ಕೊಟ್ಟಳೋ ಏನೋ. "ಹೇಳೋಕೆ ಮರೆತೆಯಾ?" ಎಂದು ಕೇಳಿದಳು.

"ಮರೀಲಿಲ್ಲ. ಬೇಕೂಂತ ಹೇಳ್ಲಿಲ್ಲ."

ಸುತ್ತ ಜನ ಅಪ್ಪಿಕೊಳ್ಳುತ್ತಿದ್ದರು, ಮಕ್ಕಳು ಪೆಟ್ಟಿಗೆಗಳ ಮೇಲೆ ಹತ್ತುತ್ತಿದ್ದರು. ದೊಡ್ಡಕ್ಕ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಗಾಡಿಯ ಹಿಡಿಯನ್ನು ಚಿಕ್ಕಕ್ಕನ ಕೈಯಿಂದ ಬಿಡಿಸಿ ತಾನೇ ತಳ್ಳಿಕೊಂಡು ಹೊರಟಳು. ನಾವಿಬ್ಬರೂ ಹಿಂದೆ ನಡೆದೆವು. ನನ್ನ ಮಾತು ಮೀರಿ ಹೇಳಿದಳಲ್ಲ ಎಂದು ನನಗೆ ಒಳಗೊಳಗೇ ಕೋಪ, ಅದರ ಜತೆಗೆ ನಾಚಿಕೆ.

ಒಂದೇ ಬೀದಿಯವರಾದ್ದರಿಂದ ಒಂದೇ ಟ್ಯಾಕ್ಸಿ. ದೊಡ್ಡಕ್ಕ ಮುಂದೆ ಕೂತಳು. ಸಿಗ್ನಲ್ಲೊಂದರಲ್ಲಿ ಗಾಡಿ ನಿಂತಾಗ ದೊಡ್ಡಕ್ಕ ಹಿಂದೆ ತಿರುಗದೆ, ಫೋಟೋ ಇದ್ದರೆ ತೋರಿಸಿ ಎಂದು ನನ್ನನ್ನು ಕೇಳಿದಳು. ಫೋನು ಕೊಟ್ಟೆ. ಬೆಟ್ಟ, ಬಸ್ಸು, ಹೋಟೆಲು ದಾಟಿ ಅವಳು, ಚಿಕ್ಕಕ್ಕ ಹಿಮದ ಮೇಲೆ ಮಲಗಿದ್ದ ಚಿತ್ರಕ್ಕೆ ಬಂದಳು. ಎರಡು ಬೆರಳಿನಿಂದ ಅದನ್ನು ದೊಡ್ಡದು ಮಾಡಿದಳು. ಸಿಗ್ನಲ್ಲು ಹಸಿರಾಗಿ ಗಾಡಿ ಹೊರಟರೂ ನೋಡುತ್ತಲೇ ಇದ್ದಳು.

"ಇವಳು ಹೀಗೆ ನಗೋದನ್ನ ನಾನು ಕಂಡೇ ಇಲ್ಲ," ಅಂದಳು.

ಚಿಕ್ಕಕ್ಕ ಮಗುವಿನಂತೆ ಮುಂಗೈಯಲ್ಲೇ ಕಣ್ಣು ಒರೆಸಿಕೊಂಡಳು. ಅಳಿಸಿದ್ದೇನೆಂದು ನಾನು ಹೇಳಿದ್ದ ಸುಳ್ಳು ಅವಳಿಗೆ ಗೊತ್ತಾಯಿತು.

ಆಮೇಲೆ ಒಂದೂವರೆ ತಿಂಗಳು ನಾನು ಆ ಅಂಗಡಿಯ ಮುಂದೆ ಹಾಯಲಿಲ್ಲ. ಔಷಧಿ ಬೇಕೆಂದರೂ ಇನ್ನೊಂದು ಬೀದಿಗೆ ಹೋದೆ. ಕೋಟನ್ನು ಒಗೆಸಿ ಇಟ್ಟದ್ದು ಹಾಗೇ ಇತ್ತು. ಒಂದು ದಿನ ತರಕಾರಿ ಅಂಗಡಿಯಲ್ಲಿ ಚಿಕ್ಕಕ್ಕ ಸಿಕ್ಕಳು. ಹೇಗಿದೆ ಎಂದೆ. ಎಲ್ಲ ಮೊದಲಿನ ಹಾಗೇ ಇದೆ, ತಟ್ಟೆಗೆ ಎರಡನೇ ಸಲವೂ ಬಡಿಸುತ್ತಾಳೆ ಅಂದಳು.

"ಬೈದುಬಿಟ್ಟಿದ್ರೆ ಸಾಕಿತ್ತು. ಬೈಯಲ್ಲ."

ಕೊನೆಗೆ ಕೋಟು ಹಿಡಿದುಕೊಂಡು ಹೋದೆ. ಇಬ್ಬರೂ ಹೊಲಿಯುತ್ತಿದ್ದರು. ಶಾಲೆ ಶುರುವಾಗುವ ಕಾಲ, ಮೇಜಿನ ಮೇಲೆ ನೀಲಿ ಬಟ್ಟೆಯ ರಾಶಿ. ದೊಡ್ಡಕ್ಕ ನನಗೆ ಸ್ಟೂಲು ಎಳೆದು ಕೊಟ್ಟಳು. ಕೂತು ನೋಡಿದೆ. ಚಿಕ್ಕಕ್ಕ ಒಂದು ಅಂಗಿ ಮುಗಿಸಿ, ಒಳಮಗ್ಗುಲು ತಿರುಗಿಸಿ ಆಚೆಗೆ ತಳ್ಳಿ "ನೋಡು ಅಕ್ಕ" ಎಂದಳು. ದೊಡ್ಡಕ್ಕ ಬೆರಳು ಓಡಿಸಿ "ಆಯ್ತು" ಎಂದಳು. ಆಮೇಲೆ ದೊಡ್ಡಕ್ಕನ ಅಂಗಿ ಮುಗಿಯಿತು. ಅವಳೂ ಒಳಮಗ್ಗುಲು ತಿರುಗಿಸಿದಳು. ಚಿಕ್ಕಕ್ಕನ ಕೈ ತಾನಾಗಿ ಅರ್ಧ ಮುಂದೆ ಬಂತು. ದೊಡ್ಡಕ್ಕ ಹೊಸ ಕನ್ನಡಕ ಸರಿಮಾಡಿಕೊಂಡು, ಅಂಗಿಯನ್ನು ಬೆಳಕಿಗೆ ಹಿಡಿದು, ತನ್ನ ಹೊಲಿಗೆಯ ಮೇಲೆ ತಾನೇ ಬೆರಳು ಓಡಿಸಿ ಇಸ್ತ್ರಿಗೆ ಇಟ್ಟಳು. ಅರ್ಧ ಗಂಟೆಯಲ್ಲಿ ಹಾಗೆ ನಾಲ್ಕು ಅಂಗಿ ಆದವು. ಒಂದೂ ಮೇಜು ದಾಟಲಿಲ್ಲ. ಪ್ರತಿ ಸಲವೂ ಚಿಕ್ಕಕ್ಕನ ಕೈ ಅಷ್ಟು ಮುಂದೆ ಬಂದು ಹಿಂದೆ ಹೋಗುತ್ತಿತ್ತು.

ಕೋಟು ಕೊಟ್ಟೆ. ದೊಡ್ಡಕ್ಕ ಅದನ್ನು ಗೂಟಕ್ಕೆ ತೂಗುಹಾಕಿ, ಮುಂದಿನ ಋತುವಿಗೆ ತನ್ನೊಬ್ಬಳ ಹೆಸರು ಬರೆಸಿದ್ದಾಗಿ ಹೇಳಿದಳು. ಅಂದು ಬೆಳಿಗ್ಗೆಯೇ ಹೊಸ ಪಾಸ್‌ಪೋರ್ಟು ಬಂದಿತ್ತಂತೆ. ಗುಂಡಿ ಡಬ್ಬದ ಕೆಳಗಿಂದ ಅದನ್ನು ತೆಗೆದು, ಬಿಡಿಸಿ, ನನ್ನ ಮುಂದೆ ಹಿಡಿದಳು.

"ಸ್ವಲ್ಪ ನೋಡಿ ಟೈಪಿಸ್ಟಮ್ಮ," ಎಂದಳು.

ಬಲಗಡೆಯ ಮೆಷೀನು ನಿಂತಿತು. ಚಿಕ್ಕಕ್ಕ ತಲೆ ಎತ್ತಲಿಲ್ಲ, ಸೂಜಿಯ ಕೆಳಗಿನ ಬಟ್ಟೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡಿದ್ದಳು. ನನ್ನ ಕೈಯಲ್ಲಿದ್ದದ್ದು ಹತ್ತೊಂಬತ್ತು ವರ್ಷ ಅವಳ ಪಾಲಿನದಾಗಿದ್ದ ಕೆಲಸ. ತಾರೀಕು ಸ್ಪಷ್ಟವಾಗಿಯೇ ಇತ್ತು. ಆಯ್ತು ಅಂದು ಎದ್ದು ಮನೆಗೆ ಹೋಗಬಹುದಿತ್ತು.

"ವಿಮಾನದಲ್ಲಿ ನನ್ನ ಹತ್ರ ಎಲ್ಲ ಹೇಳಿದ್ಳು," ಎಂದೆ. "ನಿಮಗೆ ಹೇಳ್ಬೇಡ ಅಂದವಳು ನಾನು. ನನ್ನ ಮುಖ ಉಳಿಯಲಿ ಅಂತ ಅಂದೆ. ಅವಳು ಕೇಳ್ಲಿಲ್ಲ, ಹೇಳಿದ್ಳು. ನೋಡೋಕೆ ಕೊಡೋದಿದ್ರೆ ನನಗೆ ಕೊಡ್ಬೇಡಿ."

ಪಾಸ್‌ಪೋರ್ಟನ್ನು ಮೇಜಿನ ಮೇಲೆ ಇಟ್ಟುಬಿಟ್ಟೆ. ದೊಡ್ಡಕ್ಕ ನನ್ನನ್ನು ನೋಡಿದಳು. ಫ್ಯಾನಿನ ಗಾಳಿಗೆ ಅದರ ಹಾಳೆಗಳು ಏಳುತ್ತಿದ್ದವು. ಅವಳು ಒಂದು ಬೆರಳಿಂದ ಅದನ್ನು ಒತ್ತಿ ಹಿಡಿದು, ಹಾಗೇ ನಿಧಾನವಾಗಿ ಮೇಜಿನ ಆಚೆಗೆ ತಳ್ಳಿದಳು. ನೋಡು ಎನ್ನಲಿಲ್ಲ.

"ಓದು," ಅಂದಳು. "ಗಟ್ಟಿಯಾಗಿ."

ಚಿಕ್ಕಕ್ಕ ಎರಡೂ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಅದನ್ನು ಎತ್ತಿಕೊಂಡಳು. ಮೊದಲು ದಿನ, ಆಮೇಲೆ ತಿಂಗಳು, ಆಮೇಲೆ ವರ್ಷ, ಒಂದೊಂದೇ ಅಂಕಿಯಾಗಿ ಓದಿದಳು. ವರ್ಷಕ್ಕೆ ಬರುವಷ್ಟರಲ್ಲಿ ದನಿ ಒಡೆಯಿತು, ನಿಲ್ಲಿಸಿ ಮತ್ತೆ ಓದಿದಳು. ದೊಡ್ಡಕ್ಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕಣ್ಣು ಮುಚ್ಚಿಕೊಂಡು ಬೆರಳು ಮಡಚುತ್ತಾ ಕೇಳಿದಳು. ಮುಗಿದ ಮೇಲೆ ಕಣ್ಣು ತೆರೆಯದೆ, ಇನ್ನೊಂದ್ಸಲ ಓದು ಅಂದಳು.